ದೊಡ್ಡಪ್ಪನಿಗೂ ಬೇಡ ಅಂದ ಲಿನಕ್ಸ್

ದುಡ್ಡೇ ದೊಡ್ಡಪ್ಪ ಅಂತೀವಿ. ಲಿನಕ್ಸ್ ಬಾಗಿಲಲ್ಲಿ ಆ ಮಾತು ನಡೆಯಲಿಲ್ಲ, ವೀಕ್ಷಕರೇ.

2016ರಲ್ಲಿ ಚಿಪ್ ಕಂಪನಿ ಎಎಂಡಿ ತನ್ನ ಗ್ರಾಫಿಕ್ಸ್ ಕಾರ್ಡ್‌ಗಳ ಡಿಸ್‌ಪ್ಲೇ ಕೋಡ್ ತಂದಿತು, ಸುಮಾರು 1 ಲಕ್ಷ ಸಾಲು. ಲಿನಕ್ಸ್ ಗ್ರಾಫಿಕ್ಸ್ ವಿಭಾಗದ ಉಸ್ತುವಾರಿ ಡೇವ್ ಏರ್ಲಿ ಡಿಸೆಂಬರ್‌ನಲ್ಲಿ ಬೇಡ ಅಂದರು. ಯಾಕೆ? ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಕೋಡ್ ನಡೆಯಲಿ ಅಂತ ಕಂಪನಿ ನಡುವೆ ತನ್ನದೇ ಪದರ ಹಾಕಿತ್ತು. ನಾಳೆ ಕಂಪನಿ ಕೈಬಿಟ್ಟರೆ ಅದನ್ನು ರಿಪೇರಿ ಮಾಡೋರು ಯಾರು?

ಎಂಜಿನಿಯರ್‌ಗಳು ತಿದ್ದುತ್ತಾ ಹೋದರು. 2018ರ ಜನವರಿಯಲ್ಲಿ ಬಂದ ಲಿನಕ್ಸ್ 4.15ರಲ್ಲಿ ಆ ಕೋಡ್‌ಗೆ ಜಾಗ ಸಿಕ್ಕಿತು.

ಯಲಹಂಕದಿಂದ ಹೆಬ್ಬಾಳಕ್ಕೆ ಬರುವಾಗ ಇದು ನೆನಪಾಗುತ್ತೆ. ರಸ್ತೆ ಹಾಕೋರು ಬಿಲ್ ಪಡೆದು ಹೋಗ್ತಾರೆ, ಗುಂಡಿ ನಮಗೆ ಉಳಿಯುತ್ತೆ. ಒಪ್ಪಿಕೊಳ್ಳೋ ಮೊದಲೇ ಪ್ರಶ್ನೆ ಕೇಳೋ ಎದೆಗಾರಿಕೆ ನಮಗ್ಯಾಕಿಲ್ಲ?