ಸೆರೆಯಲ್ಲಿ ಕಲಿತ ಸಂತೃಪ್ತಿ



ನೆರೆಯವನ ಐಶ್ವರ್ಯವನ್ನು ಕಂಡು ಕರುಬದೆ ಬಾಳುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಹಾವೇರಿ ಜಿಲ್ಲೆಯ ಇತಿಹಾಸವನ್ನು ನೋಡಿದರೆ ನಮಗೆ ಮೊದಲು ಎದುರಾಗುವವರು ಹದಿನಾರನೆಯ ಶತಮಾನದ ಕನಕದಾಸರು.

ಬಾಡ ಗ್ರಾಮದ ಕುರುಬ ಮನೆತನದಲ್ಲಿ ಜನಿಸಿದ ತಿಮ್ಮಪ್ಪನು ವಿಜಯನಗರದ ಅರಸರ ಆಳ್ವಿಕೆಯಲ್ಲಿ ನಾಯಕನಾಗಿದ್ದನು. ಅವನಿಗೆ ನೆಲದಲ್ಲಿ ನಿಧಿ ದೊರೆಯಿತೆಂದೂ, ಅದನ್ನು ಜನಹಿತಕ್ಕಾಗಿ ವ್ಯಯಿಸಿದ್ದರಿಂದ ಕನಕನೆಂಬ ಹೆಸರು ಬಂದಿತೆಂದೂ ಪ್ರತೀತಿಯಿದೆ. ಇಂದಿನ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಆರಾಧಿಸಿದ ಆ ನಾಯಕನು ಕೊನೆಗೆ ಅಧಿಕಾರವನ್ನು ತೊರೆದು ಹರಿದಾಸನಾದನು. ಇಲ್ಲದವನು ಹೊನ್ನು ಬೇಡವೆಂದರೆ ಅದನ್ನು ನಿರುಪಾಯವೆನ್ನಬಹುದು. ಕೈಯಲ್ಲಿ ಹಿಡಿದು ನೋಡಿದವನೇ ಅದನ್ನು ಬಿಟ್ಟುಕೊಟ್ಟದ್ದು ಆಲೋಚಿಸತಕ್ಕ ಸಂಗತಿ.

ದಾಸಸಾಹಿತ್ಯವು ಕ್ರೈಸ್ತರಿಗೆ ಅಪರಿಚಿತವೇನೂ ಅಲ್ಲ. 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು. ಆದುದರಿಂದ ಕನಕದಾಸರ 'ರಾಮಧಾನ್ಯಚರಿತ್ರೆ'ಯನ್ನು ನಾವೂ ಆದರದಿಂದ ಓದಬಹುದು. ಅದರಲ್ಲಿ ಅಕ್ಕಿಗೂ ರಾಗಿಗೂ ವಾದ ನಡೆಯುತ್ತದೆ. ತಾನು ಮೇಲಿನವರ ಊಟ, ಶುಭಕಾರ್ಯಗಳ ಧಾನ್ಯವೆಂದು ಅಕ್ಕಿಯು ಹೀಯಾಳಿಸುತ್ತದೆ. ತಾನು ಬರಗಾಲದಲ್ಲಿ ಬಡವರನ್ನು ಕಾಯುವೆನೆಂದು ರಾಗಿಯು ಉತ್ತರಿಸುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಅಕ್ಕಿಯು ಸತ್ವಗುಂದಿತ್ತು. ರಾಗಿಯು ಕೆಡದೆ ಉಳಿದಿತ್ತು. ರಾಮನು ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ಕೊಟ್ಟನು.

ಇಲ್ಲಿ ಗಮನಿಸಬೇಕಾದುದೊಂದಿದೆ. ರಾಗಿಯು ತಾನು ಅಕ್ಕಿಯಾಗಬೇಕೆಂದು ಹಂಬಲಿಸಲಿಲ್ಲ. ಹಾಗೆಂದು ಅವಮಾನವನ್ನು ಮೌನವಾಗಿ ನುಂಗಿಕೊಳ್ಳಲೂ ಇಲ್ಲ. ಅಸೂಯೆ ಬೇರೆ, ನ್ಯಾಯದ ಬೇಡಿಕೆ ಬೇರೆ.

ಈ ವ್ಯತ್ಯಾಸವು ನಮಗೆ ಇಂದು ಬಹಳ ಅಗತ್ಯ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದಾಗ ರೈತರ ಆಕ್ರೋಶ ಸಿಡಿದು ವಾಹನಗಳು ಬೆಂಕಿಗೆ ಆಹುತಿಯಾದವು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೆ ವರ್ಷವಿಡೀ ದುಡಿದು ಸಾಲ ಹೊತ್ತವನಿಗೆ, ಇದ್ದುದರಲ್ಲಿ ತೃಪ್ತನಾಗಿರು ಎಂದು ಹೊಟ್ಟೆ ತುಂಬಿದವನು ಬೋಧಿಸುವುದೂ ಧರ್ಮವಲ್ಲ. ತಕ್ಕ ಬೆಲೆಯನ್ನು ಕೇಳುವುದು ರೈತನ ಹಕ್ಕು. ಪಕ್ಕದವನ ಹೊಸ ಮನೆಯನ್ನು ನೋಡಿ ನಿದ್ದೆಗೆಡುವುದು ಮಾತ್ರ ಆತ್ಮಕ್ಕೆ ಹತ್ತಿದ ಗೆದ್ದಲು.

ಸತ್ಯವೇದದ 73ನೆಯ ಕೀರ್ತನೆಯಲ್ಲಿ ಆಸಾಫನು ದುಷ್ಟರ ಏಳಿಗೆಯನ್ನು ಕಂಡು ಹೊಟ್ಟೆಕಿಚ್ಚುಪಟ್ಟುದನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾನೆ. ದೇವಾಲಯವನ್ನು ಪ್ರವೇಶಿಸಿದಾಗಲೇ ಅವನ ಕಣ್ಣು ತೆರೆಯಿತು. ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಸಂತೃಪ್ತಿಯ ಕುರಿತು ಬರೆದದ್ದು ಬೇಡಿ ತೊಟ್ಟಿದ್ದಾಗ. ಅದು ತನಗೆ ಹುಟ್ಟಿನಿಂದ ಬಂದ ಗುಣವೆಂದು ಅವನು ಹೇಳಲಿಲ್ಲ, ತಾನು ಕಲಿತುಕೊಂಡದ್ದೆಂದು ಹೇಳಿದನು. ಕನಕದಾಸರ ಧಾನ್ಯದಂತೆ ಪೌಲನ ಸತ್ವವೂ ಸೆರೆಯಲ್ಲಿಯೇ ಪರೀಕ್ಷೆಗೊಳಗಾಯಿತು.

ಈ ಪಾಠವನ್ನು ಕಲಿತ ಇನ್ನಿಬ್ಬರು ಇದೇ ಸೀಮೆಯಲ್ಲಿದ್ದರು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನು ದೋಣಿ ನಡೆಸುವ ಕಾಯಕದಲ್ಲಿಯೇ ಶಿವನನ್ನು ಕಂಡವನು. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರಾ ತೀರದ ಚೌಡದಾನಪುರಕ್ಕೆ ಅವನ ನೆನಪು ಅಂಟಿಕೊಂಡಿದೆ. ಹಾವೇರಿ ತಾಲ್ಲೂಕಿನ ಗಳಗನಾಥರು (1869–1942) ಕನ್ನಡದ ಆದ್ಯ ಕಾದಂಬರಿಕಾರರಲ್ಲಿ ಒಬ್ಬರಾಗಿದ್ದರೂ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ಬಡತನದಿಂದ ಬಿಡುಗಡೆ ಹೊಂದಲಿಲ್ಲ. ಕೈಗೊಂಡ ಕೆಲಸವನ್ನು ಬಿಡಲೂ ಇಲ್ಲ.

ಪ್ರಿಯರೇ, ಇಂದು ರಾತ್ರಿ ಪ್ರಾರ್ಥನೆಗೆ ಮೊಣಕಾಲೂರುವಾಗ ನಿಮ್ಮ ಬೇಡಿಕೆಗಳನ್ನು ಒಮ್ಮೆ ಬೇರ್ಪಡಿಸಿ ನೋಡಿರಿ. ನ್ಯಾಯವಾಗಿ ಬರಬೇಕಾದುದನ್ನು ಸಂಕೋಚವಿಲ್ಲದೆ ದೇವರಲ್ಲಿಯೂ ಮನುಷ್ಯರಲ್ಲಿಯೂ ಕೇಳಿರಿ. ನೆರೆಯವನಲ್ಲಿದೆ ಎಂಬ ಒಂದೇ ಕಾರಣದಿಂದ ಬಯಸಿದ್ದನ್ನು ಅಲ್ಲಿಯೇ ಬಿಟ್ಟು ಏಳಿರಿ.