ಕರಿಂದೆರಿಯಾ ಎಂಬ ಅನ್ನದಂಗಡಿ

ಫಿಲಿಪೀನ್ಸ್ ದ್ವೀಪಗಳಲ್ಲಿ ಜನಸಾಮಾನ್ಯರು ಉಣ್ಣುವ ಬೀದಿಬದಿಯ ಅನ್ನದಂಗಡಿಗೆ ‘ಕರಿಂದೆರಿಯಾ’ ಎಂದು ಹೆಸರು. ಮಾಡಿದ ಅಡುಗೆಯನ್ನೆಲ್ಲ ಪಾತ್ರೆಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಬಂದವನು ಬೇಕಾದುದನ್ನು ಬೆರಳಿಟ್ಟು ತೋರಿಸಿದರೆ ಅದು ಅನ್ನದೊಡನೆ ತಟ್ಟೆಗೆ ಬೀಳುತ್ತದೆ. ಆದುದರಿಂದಲೇ ಇದಕ್ಕೆ ‘ತುರೊ-ತುರೊ’ ಎಂಬ ಇನ್ನೊಂದು ಹೆಸರೂ ಉಂಟು. ತಗಾಲೋಗ್ ಭಾಷೆಯಲ್ಲಿ ‘ತುರೊ’ ಎಂದರೆ ತೋರಿಸುವುದು. ದ್ವಿರುಕ್ತಿಯ ಸೊಗಸನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯ ಮೇಷ್ಟರಾದ ನನಗೆ ಮೊದಲು ಕುತೂಹಲ ಹುಟ್ಟಿಸಿದ್ದು ‘ಕರಿಂದೆರಿಯಾ’ ಎಂಬ ಪದವೇ. ಅದರ ಬಾಲ ಸ್ಪ್ಯಾನಿಷ್. ತಲೆಯಾದ ‘ಕರಿ’ ನಮ್ಮ ದಕ್ಷಿಣ ದೇಶದ್ದೆಂದು ಹಲವರ ಮತ. ಗೋವೆಯ ಪೋರ್ಚುಗೀಸರ ‘ಕರಿಲ್’ ಎಂಬ ರೂಪ ಕನ್ನಡದಿಂದ ಹೋದುದೆಂದು 1886ರ ಹಾಬ್ಸನ್-ಜಾಬ್ಸನ್ ಕೋಶ ಹೇಳುತ್ತದೆ. ಈ ಮಾತು ಮನಿಲಾಕ್ಕೆ ಹೋದ ಬಗೆಗೆ ಅಲ್ಲಿ ಒಂದು ಕಥೆಯಿದೆ. ಮದರಾಸಿನಿಂದ ಹೊರಟ ಆಂಗ್ಲ ಸೇನೆ 1762ರ ಅಕ್ಟೋಬರಿನಲ್ಲಿ ಮನಿಲಾವನ್ನು ಸ್ಪೇನಿನಿಂದ ಕಿತ್ತುಕೊಂಡಿತು. 1764ರಲ್ಲಿ ಹಿಂದಿರುಗಿಸಿ ಹೊರಟಿತು. ಸೇನೆಯ ಜೊತೆ ಬಂದಿದ್ದ ಮದರಾಸಿನ ಸಿಪಾಯಿಗಳಲ್ಲಿ ಕೆಲವರು ಅಲ್ಲಿಯೇ ಉಳಿದು, ಮನಿಲಾದ ಪೂರ್ವಕ್ಕಿರುವ ಕೈಂತಾದಲ್ಲಿ ಸಂಸಾರ ಹೂಡಿದರು. ಅವರ ಸಾರೇ ‘ಕರೆ-ಕರೆ’ ಎಂಬ ಖಾದ್ಯವಾಯಿತೆಂದು ಜನ ಹೇಳುತ್ತಾರೆ.

ಇದನ್ನು ಕೇಳಿ ನಾವು ಮೀಸೆ ತಿರುವುವ ಮುನ್ನ ಪಾತ್ರೆಯೊಳಗೆ ಒಮ್ಮೆ ಇಣುಕುವುದು ಒಳ್ಳೆಯದು. ದನದ ಬಾಲದ ಮಾಂಸವನ್ನು ಕಡಲೆಕಾಯಿಯ ಗೊಜ್ಜಿನಲ್ಲಿ ಬೇಯಿಸಿ, ಉಪ್ಪುಹಾಕಿ ಹುದುಗಿಸಿದ ಸೀಗಡಿಯೊಡನೆ ಉಣ್ಣುವ ಪದಾರ್ಥ ಅದು. ಕಡಲೆಕಾಯಿಯೂ ಕೆಂಬಣ್ಣ ಕೊಡುವ ಅನಾಟೋ ಬೀಜವೂ ಅಮೆರಿಕಾ ಖಂಡದವು. 1565ರಿಂದ 1815ರವರೆಗೆ ಮೆಕ್ಸಿಕೋದ ಅಕಾಪುಲ್ಕೋಗೂ ಮನಿಲಾಕ್ಕೂ ನಡುವೆ ಓಡಾಡಿದ ಸ್ಪೇನಿನ ಹಡಗುಗಳ ಕೊಡುಗೆ ಅವು. ಹೆಸರು ಒಂದು ತೀರದ್ದು, ಸಾಮಗ್ರಿ ಇನ್ನೊಂದು ತೀರದ್ದು. ಹದ ಮಾತ್ರ ಆ ನಾಡಿನ ಹೆಂಗಸರ ಕೈಯದು.

‘ಅದೋಬೋ’ದ ಕಥೆ ಇದಕ್ಕೆ ತಿರುವುಮುರುವು. ಮಾಂಸವನ್ನು ಹುಳಿನೀರಿನಲ್ಲಿ ಬೇಯಿಸಿ ಕೆಡದಂತೆ ಇಡುವ ಪದ್ಧತಿ ಸ್ಪೇನಿನವರು ಬರುವ ಮೊದಲೇ ಅಲ್ಲಿತ್ತು. 1613ರಲ್ಲಿ ತಗಾಲೋಗ್ ನಿಘಂಟನ್ನು ಹೊರತಂದ ಪೆದ್ರೊ ದೆ ಸಾನ್ ಬುವೆನವೆಂತುರಾ ಎಂಬ ಪಾದ್ರಿ ಅದನ್ನು ಕಂಡು, ತನ್ನೂರಿನ ಅದೋಬೋವನ್ನು ನೆನೆದು, ‘ಇಲ್ಲಿಯವರ ಅದೋಬೋ’ ಎಂದು ಬರೆದಿಟ್ಟ. ಅಡುಗೆ ಅವರದೇ ಉಳಿಯಿತು, ಹೆಸರು ದೊರೆಗಳದಾಯಿತು. ಆಳುವವರ ಕೈಯಲ್ಲಿ ನಿಘಂಟೂ ಒಂದು ಮುದ್ರೆಯೊತ್ತುವ ಉಂಗುರವೇ ಸರಿ.

ಚೀಣೀಯರು ತಂದ ಶ್ಯಾವಿಗೆ ಅಲ್ಲಿ ‘ಪನ್ಸಿತ್’ ಆಯಿತು. ಅದನ್ನು ಮಾರುವ ಅಂಗಡಿ ‘ಪನ್ಸಿತೆರಿಯಾ’. ಹೊಸೆ ರಿಸಾಲರ ‘ಎಲ್ ಫಿಲಿಬುಸ್ತೆರಿಸ್ಮೊ’ (1891) ಕಾದಂಬರಿಯಲ್ಲಿ ಇಂಥ ಅಂಗಡಿಯೊಂದು ಬರುತ್ತದೆ. ಸ್ಪ್ಯಾನಿಷ್ ಕಲಿಯಲು ಶಾಲೆ ಬೇಕೆಂದು ವಿದ್ಯಾರ್ಥಿಗಳು ಬೇಡಿದರೆ, ಸರ್ಕಾರ ಶಾಲೆಯನ್ನು ಪಾದ್ರಿಗಳ ವಶಕ್ಕೆ ಒಪ್ಪಿಸಿ, ಇವರಿಗೆ ಚಂದಾ ಎತ್ತುವ ಕೆಲಸವನ್ನು ಕೊಡುತ್ತದೆ. ಹದಿನಾಲ್ಕು ಮಂದಿ ಆ ‘ಜಯ’ವನ್ನು ಆಚರಿಸಲು ಊಟಕ್ಕೆ ಕೂತು, ಒಂದೊಂದು ಖಾದ್ಯವನ್ನೂ ಒಬ್ಬೊಬ್ಬ ದೊಡ್ಡವರಿಗೆ ಮುಡಿಪಿಟ್ಟು ನಗುತ್ತಾರೆ. ಮರುದಿನ ಊರಿನಲ್ಲಿ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ, ವಿದ್ಯಾರ್ಥಿಗಳಿಗೆ ಸೆರೆಮನೆಯಾಗುತ್ತದೆ. ರಿಸಾಲರನ್ನೇ 1896ರ ಡಿಸೆಂಬರ್ 30ರಂದು ಸ್ಪೇನಿನ ಆಳ್ವಿಕೆ ಗುಂಡಿಟ್ಟು ಕೊಂದಿತು. ದೊರೆಗಳ ನುಡಿಯನ್ನು ಕಲಿಯಲೂ ಬಿಡದ ಕಾಲವದು. ಯಾವ ನುಡಿಯ ಹಂಗೂ ಇಲ್ಲದೆ ಬೆರಳೊಂದರಿಂದಲೇ ನಡೆಯುವ ತುರೊ-ತುರೊವಿನ ಬೆಲೆ ಈ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ.

ಸ್ಪೇನಿನವರ ತರುವಾಯ ಬಂದ ಅಮೆರಿಕನ್ನರು ಡಬ್ಬಿಯ ಮಾಂಸವನ್ನು ತಂದರು. ಅದೂ ಬೆಳ್ಳುಳ್ಳಿ, ಈರುಳ್ಳಿಯೊಡನೆ ಬಾಣಲೆಗೆ ಬಿದ್ದು ಮನೆಯದಾಯಿತು. 1945ರ ಯುದ್ಧದಲ್ಲಿ ಮನಿಲಾದ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ಸ್ಪೇನಿನವರು ಕಟ್ಟಿದ ಕೋಟೆಯೂರು ಕಲ್ಲುರಾಶಿಯಾಯಿತು. ಅನ್ನದಂಗಡಿಗೆ ಕೋಟೆ ಬೇಕಿರಲಿಲ್ಲ. ಒಂದು ಒಲೆ, ನಾಲ್ಕು ಪಾತ್ರೆ ಸಾಕಾಗಿತ್ತು. 1970ರ ದಶಕದಿಂದ ಆ ನಾಡಿನವರು ಲಕ್ಷಗಟ್ಟಲೆ ಹೊರದೇಶದ ದುಡಿಮೆಗೆ ಹೋದಾಗ ಆ ಪಾತ್ರೆಗಳೂ ಜೊತೆಗೆ ಹೋದುವು. ಇಂದು ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯಲ್ಲಿಯೂ ದುಬೈಯಲ್ಲಿಯೂ ಪಾಳಿ ಮುಗಿಸಿದ ದಾದಿ, ಅಂಗಡಿಯ ಗುಮಾಸ್ತ, ಬೆರಳು ತೋರಿಸಿ ತಮ್ಮೂರಿನ ಅನ್ನ ಉಣ್ಣುತ್ತಾರೆ.

ಆ ನಾಡಿನ ಆಹಾರದ ಚರಿತ್ರೆಯನ್ನು ಬರೆದ ಡೋರೀನ್ ಫರ್ನಾಂಡೆಸ್, ಯಾವ ಅಡುಗೆ ಶುದ್ಧವಾಗಿ ನಮ್ಮದು ಎಂದು ಕೇಳುವುದಕ್ಕಿಂತ, ಬಂದದ್ದು ಹೇಗೆ ನಮ್ಮದಾಯಿತು ಎಂದು ಕೇಳಬೇಕೆಂದರು. ಈ ಪ್ರಶ್ನೆ ನಮಗೂ ಸಲ್ಲುತ್ತದೆ. ಕಡಲೆಕಾಯಿ ನಮಗೂ ಹೊರಗಿನದೇ. ಆದರೂ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಅದನ್ನು ಸೇರಿನಲ್ಲಿ ಅಳೆಸಿಕೊಳ್ಳುವ ಯಾರೂ ಅದರ ಊರು ಕೇಳುವುದಿಲ್ಲ.