ಕಾರಿನ ರೇಡಾರ್ ಎತ್ತ ನೋಡುತ್ತೆ? ಅಂಗೈಯಗಲದ ಬೋರ್ಡಿನ ಲೆಕ್ಕ

ಹೆಬ್ಬಾಳ ಮೇಲ್ಸೇತುವೆ ಹತ್ತುವಾಗ ಗೆಳೆಯನ ಕಾರು ತಾನಾಗೇ ಬ್ರೇಕ್ ಹಿಡಿಯಿತು. ಮುಂದೆ ಗಾಡಿ ಇರಲಿಲ್ಲ, ರಸ್ತೆಯ ಮೇಲೆ ಅಡ್ಡಲಾಗಿ ಕಬ್ಬಿಣದ ಫಲಕವೊಂದಿತ್ತು, ಅಷ್ಟೇ. ಹಿಂದಿನ ಸ್ಕೂಟರ್‌ನವರು ಬೈದರು, ನಾವು ಬೈಸಿಕೊಂಡೆವು. ಇಂಥ ಸುಳ್ಳು ಬ್ರೇಕಿಗೆ ಕಾರಣ ಹಲವು. ಬಂಪರ್ ಹಿಂದಿನ ಆಂಟೆನಾ ನೋಡಬಾರದ ಕಡೆ ನೋಡುವುದು ಅವುಗಳಲ್ಲೊಂದು.

ಆಂಟೆನಾ ಯಾವ ದಿಕ್ಕಿಗೆ ಎಷ್ಟು ಶಕ್ತಿ ಕಳಿಸುತ್ತೆ ಎನ್ನುವ ನಕ್ಷೆಯೇ ರೇಡಿಯೇಶನ್ ಪ್ಯಾಟರ್ನ್. ನಟ್ಟ ನಡುವೆ ಮುಖ್ಯ ಕಿರಣ, ಅಕ್ಕಪಕ್ಕ ಸೈಡ್ ಲೋಬ್ ಎಂಬ ಸಣ್ಣ ಸೋರಿಕೆಗಳು. ದೊಡ್ಡ ಕಬ್ಬಿಣದ ಫಲಕ ಎದುರಿಗಿದ್ದರೆ ಆ ಸೋರಿಕೆಯೂ ಜೋರಾಗೇ ಪ್ರತಿಫಲಿಸಿ ಬರುತ್ತೆ.

ಕಾರಿನ ರೇಡಾರ್‌ಗಳು ಬಳಸುವುದು 76–77 ಗಿಗಾಹರ್ಟ್ಸ್. ತರಂಗದ ಉದ್ದ ಸುಮಾರು 3.9 ಮಿ.ಮೀ. ಸರ್ಕ್ಯೂಟ್ ಬೋರ್ಡಿನ ಮೇಲೆ ಕೊರೆದ ತಾಮ್ರದ ಚೌಕವೇ ಇಲ್ಲಿ ಆಂಟೆನಾ. ಹೆಸರು ಪ್ಯಾಚ್, ಉದ್ದ 1.1 ಮಿ.ಮೀ. ಆಸುಪಾಸು. ಇಂಥವನ್ನು ಸಣ್ಣ ತಾಮ್ರದ ಗೆರೆಯಿಂದ ಸಾಲಾಗಿ ಪೋಣಿಸುತ್ತಾರೆ. ತಯಾರಿಕೆಯಲ್ಲಿ 25 ಮೈಕ್ರಾನ್, ಅಂದರೆ ಕೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ, ಹೆಚ್ಚುಕಮ್ಮಿಯಾದರೂ ಪ್ಯಾಚ್ ಹೊಂದಿಕೊಳ್ಳುವ ಆವರ್ತನ ಒಂದೂವರೆ ಗಿಗಾಹರ್ಟ್ಸ್‌ಗಿಂತ ಜಾಸ್ತಿ ಸರಿಯುತ್ತೆ. ಇರುವ ಪಟ್ಟಿಯ ಅಗಲವೇ ಒಂದು ಗಿಗಾಹರ್ಟ್ಸ್! ಸಾಲಿನ ಪ್ಯಾಚ್‌ಗಳ ನಡುವಿನ ಫೇಸ್ ತಪ್ಪಿದರೆ ಕಿರಣವೇ ವಾಲುತ್ತೆ. ಸಾಲು ನೆಟ್ಟಗೆ ನಿಂತಿದ್ದರೆ ವಾಲುವುದು ಮೇಲಕ್ಕೆ ಅಥವಾ ಕೆಳಕ್ಕೆ. ಫಲಕ ಇರುವುದೂ ಮೇಲೇ.

ಅದಕ್ಕೇ ಬೋರ್ಡ್ ಮಾಡಿಸುವ ಮೊದಲು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್. ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿ ದುಬಾರಿ, ಓಪನ್‌ಇಎಂಎಸ್ ಉಚಿತ. ತರಂಗದುದ್ದಕ್ಕೆ ಕನಿಷ್ಠ ಹತ್ತು ಭಾಗವಾಗುವಂತೆ ಜಾಗವನ್ನೆಲ್ಲ ಕೋಶಗಳಾಗಿ ಒಡೆದು ಮ್ಯಾಕ್ಸ್‌ವೆಲ್ ಸಮೀಕರಣ ಬಿಡಿಸುತ್ತಾರೆ. ಹತ್ತಿರದ ಕ್ಷೇತ್ರ ಸಿಕ್ಕ ಮೇಲೆ ಗಣಿತದಿಂದಲೇ ದೂರದ ನಕ್ಷೆ ತೆಗೆಯಬಹುದು.

ಎಡವುವುದು ಎಲ್ಲಿ? ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾನೂ ಒಂದು ಪ್ಯಾಚ್ ಮಾಡಿದ್ದೆ. ಚಿತ್ರ ನುಣ್ಣಗೆ ಬಂತು, ಹಿಂದಕ್ಕೆ ಒಂದಿಷ್ಟೂ ಸೋರಿಕೆಯಿಲ್ಲ. ಗೈಡ್ ಖುಷಿಯಾಗಿ ಮಾರ್ಕ್ಸ್ ಕೊಟ್ಟರು. ಕೆಳಗಿನ ತಾಮ್ರದ ತಳವನ್ನು ಅನಂತ ಎಂದು ಇಟ್ಟುಬಿಟ್ಟಿದ್ದೆ, ಇಬ್ಬರೂ ಗಮನಿಸಲಿಲ್ಲ. ನಿಜವಾದ ಬೋರ್ಡಿಗೆ ಅಂಚಿರುತ್ತೆ. ಅಂಚಿನಲ್ಲಿ ತರಂಗ ಬಾಗಿ ಹಿಂದಕ್ಕೂ ಹೋಗುತ್ತೆ, ಮುಂದಿನ ಕಿರಣದಲ್ಲೂ ಏರಿಳಿತ ತರುತ್ತೆ.

ಇನ್ನೊಂದು ಮರೆವು ಬಂಪರ್. ಅದರ ಪ್ಲಾಸ್ಟಿಕ್, ಲೋಹದ ಪುಡಿಯಿರುವ ಬಣ್ಣ ಎರಡೂ ಕಿರಣವನ್ನು ಕೆಡಿಸುತ್ತವೆ. ಒಂದೂವರೆ ಮೀಟರ್ ಬಂಪರ್ ಅಂದರೆ ಸುಮಾರು 400 ತರಂಗದುದ್ದ. ಅಷ್ಟನ್ನೂ ಕೋಶಗಳಾಗಿ ಒಡೆಯಲು ನನ್ನ ಲ್ಯಾಪ್‌ಟಾಪಿನ ಕೈಲಾಗಲ್ಲ. ದೊಡ್ಡ ಭಾಗಕ್ಕೆ ಕಿರಣ ಜಾಡಿಸುವ ವಿಧಾನ ಬೇಕು. ಬರೀ ಬೋರ್ಡಿನ ಪ್ಯಾಟರ್ನ್ ತೋರಿಸಿ 'ಟೆಸ್ಟ್ ಆಗಿದೆ' ಅನ್ನುವುದನ್ನು ನಾನಂತೂ ಒಪ್ಪಲ್ಲ.

ಬಂಪರ್ ಸಮೇತ ಅಳೆಯುವುದು ಸುಲಭವಲ್ಲ, ನಿಜ. ಬೋರ್ಡಿನ ಮಟ್ಟಿಗೆ ಮಾತ್ರ ನೆಪವಿಲ್ಲ: 5 ಸೆ.ಮೀ. ಆಂಟೆನಾಗೆ ಸುಮಾರು 1.3 ಮೀಟರ್ ದೂರ ಸಾಕು, ಪ್ರತಿಧ್ವನಿಯಿಲ್ಲದ ಸಣ್ಣ ಕೋಣೆಯಲ್ಲೇ ಮುಗಿಯುತ್ತೆ. ನಮ್ಮೂರಿಗೆ ಈ ವಿದ್ಯೆ ಹೊಸದೇನಲ್ಲ. ಯಶವಂತಪುರದ ಪಕ್ಕದ ಐಐಎಸ್‌ಸಿಯಲ್ಲಿ ರಾಜೇಶ್ವರಿ ಚಟರ್ಜಿ 1953ರಲ್ಲಿ ಅಮೆರಿಕದಿಂದ ಮರಳಿ ಮೈಕ್ರೋವೇವ್ ಮತ್ತು ಆಂಟೆನಾ ಕಲಿಸತೊಡಗಿದರು. ಜಾಲಹಳ್ಳಿಯ ಬಿಇಎಲ್ ಶುರುವಾದದ್ದು ಮರುವರ್ಷ, 1954ರಲ್ಲಿ.

ಪ್ರಾಜೆಕ್ಟ್ ಮಾಡುತ್ತಿರುವವರಿಗೆ ಒಂದು ಮಾತು: ತಳದ ಅಳತೆಯನ್ನು ಮೊದಲು ನೋಡಿ.